ಓದುಗರ ಪ್ರಶ್ನೆ: 2028ಕ್ಕೆ ಅಮೆರಿಕದಲ್ಲಿ ಅಭ್ಯರ್ಥಿಗಳು ಯಾರು?

ಪ್ರಶ್ನೆ: ಅಮೆರಿಕದ ಮುಂದಿನ ಅಧ್ಯಕ್ಷೀಯ ಚುನಾವಣೆಗೆ ಎರಡೂ ಪಕ್ಷಗಳ ಅಭ್ಯರ್ಥಿಗಳು ಯಾರಾಗಬಹುದೆಂಬ ಚರ್ಚೆ ಪತ್ರಿಕೆಗಳಲ್ಲಿ ನಡೆದೇ ಇದೆ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಬಿ ಫಾರಂ ಯಾರ ಕೈ ಸೇರುತ್ತದೆಂಬುದೇ ಎಷ್ಟೋ ಸಲ ಕೊನೆಯ ಗಳಿಗೆಯವರೆಗೂ ತಿಳಿಯುವುದಿಲ್ಲ. ಹೀಗಿರುವಾಗ ಇಂಥ ಊಹೆಗಳಿಗೆ ಬೆಲೆಯುಂಟೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಯಾರ ಯಾರ ಹೆಸರು ಕೇಳಿಬರುತ್ತಿದೆ ಎಂಬುದಕ್ಕೆ ಬೆಲೆಯುಂಟು, ಅವರಲ್ಲಿ ಯಾರು ಮುಂದಿದ್ದಾರೆ ಎಂಬುದಕ್ಕೆ ಅಷ್ಟಾಗಿ ಇಲ್ಲ. ಯಾರೂ ಎರಡಕ್ಕಿಂತ ಹೆಚ್ಚು ಬಾರಿ ಅಧ್ಯಕ್ಷರಾಗಿ ಚುನಾಯಿತರಾಗುವಂತಿಲ್ಲವೆಂದು ಅಲ್ಲಿನ ಸಂವಿಧಾನದ 22ನೇ ತಿದ್ದುಪಡಿ ಹೇಳುವುದರಿಂದ ಟ್ರಂಪ್ ಅವರ ಸ್ಥಾನ ತೆರವಾಗುತ್ತದೆ. ರಿಪಬ್ಲಿಕನ್ ಪಕ್ಷದಲ್ಲಿ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮತ್ತು ಮಾರ್ಕೊ ರೂಬಿಯೊ, ಡೆಮಾಕ್ರಟಿಕ್ ಪಕ್ಷದಲ್ಲಿ ಗ್ಯಾವಿನ್ ನ್ಯೂಸಮ್, ಪೀಟ್ ಬುಟಿಜೆಜ್, ಜಾಶ್ ಶಪಿರೊ, ಕಮಲಾ ಹ್ಯಾರಿಸ್ ಅವರ ಹೆಸರುಗಳು ಚರ್ಚೆಯಲ್ಲಿವೆ.

ನಮ್ಮಲ್ಲಿ ಟಿಕೆಟ್ ಹಂಚುವವರು ವರಿಷ್ಠರು. ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ಹಾಗೆಯೇ ಇತ್ತು. 1968ರಲ್ಲಿ ಡೆಮಾಕ್ರಟಿಕ್ ಪಕ್ಷದ ಹ್ಯೂಬರ್ಟ್ ಹಂಫ್ರಿ ಒಂದು ಪ್ರೈಮರಿಯಲ್ಲಿಯೂ (ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ರಾಜ್ಯವಾರು ನಡೆಯುವ ಮತದಾನ) ಸ್ಪರ್ಧಿಸದೆ ಉಮೇದುವಾರಿಕೆ ಪಡೆದಾಗ ಎದ್ದ ಅಸಮಾಧಾನದಿಂದ ನಿಯಮಗಳು ಬದಲಾದವು. 1972ರಿಂದ ರಾಜ್ಯ ರಾಜ್ಯಗಳ ಮತದಾರರೇ, ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ಸಮಾವೇಶದ ಪ್ರತಿನಿಧಿಗಳನ್ನು ನಿರ್ಧರಿಸುತ್ತ ಬಂದಿದ್ದಾರೆ. ಈ ರಾಜ್ಯಗಳು ಒಂದೇ ದಿನ ಮತ ಹಾಕುವುದಿಲ್ಲ, ಊಹೆಗಳು ತಲೆಕೆಳಗಾಗುವುದು ಇಲ್ಲಿಯೇ. 2020ರಲ್ಲಿ ಮೊದಲು ಮತ ಹಾಕಿದ ರಾಜ್ಯಗಳಾದ ಅಯೋವಾದಲ್ಲಿ ನಾಲ್ಕನೆಯವರೂ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರೂ ಆಗಿದ್ದ ಜೋ ಬೈಡನ್ ಅವರ ಕಥೆ ಮುಗಿಯಿತೆಂದು ಅನೇಕರು ಬರೆದರು. ಆದರೆ ದಕ್ಷಿಣ ಕ್ಯಾರೊಲಿನಾದ ಸಂಸದ ಜಿಮ್ ಕ್ಲೈಬರ್ನ್ ಬೆಂಬಲ ಘೋಷಿಸಿ, ಅಲ್ಲಿನ ಕಪ್ಪು ವರ್ಣೀಯ ಮತದಾರರು ಒಗ್ಗಟ್ಟಾಗಿ ಅವರ ಬೆನ್ನಿಗೆ ನಿಂತ ಮೇಲೆ ಫೆಬ್ರವರಿ 29ರಂದು ಆ ರಾಜ್ಯವನ್ನೂ, ಮೂರೇ ದಿನಗಳ ನಂತರ ಮತ ಹಾಕಿದ 14 ರಾಜ್ಯಗಳಲ್ಲಿ 10ನ್ನೂ ಅವರು ಗೆದ್ದರು. ಹಣಬಲವೂ ಖಾತರಿಯಲ್ಲ: 10 ಕೋಟಿ ಡಾಲರ್‌ಗಿಂತ ಹೆಚ್ಚಿನ ನಿಧಿಯ ಬೆಂಬಲವಿದ್ದ ರಿಪಬ್ಲಿಕನ್ ಪಕ್ಷದ ಜೆಬ್ ಬುಷ್ 2016ರ ಫೆಬ್ರವರಿಯಲ್ಲಿಯೇ ಕಣದಿಂದ ಹಿಂದೆ ಸರಿದರು.

ವ್ಯಾನ್ಸ್ ಅವರ ಕುರಿತ ಊಹೆಗೆ ಮಾತ್ರ ಗಟ್ಟಿಯಾದ ಆಧಾರವಿದೆ ಎಂದು ನಾನು ನಂಬುತ್ತೇನೆ. ಹಾಲಿ ಉಪಾಧ್ಯಕ್ಷರಾಗಿದ್ದುಕೊಂಡೇ ಉಮೇದುವಾರಿಕೆ ಬಯಸಿದ ನಿಕ್ಸನ್ (1960), ಹಂಫ್ರಿ (1968), ಹಿರಿಯ ಬುಷ್ (1988), ಗೋರ್ (2000) ಎಲ್ಲರಿಗೂ ಅದು ದೊರೆತಿದೆ. ಡೆಮಾಕ್ರಟಿಕ್ ಪಕ್ಷದಲ್ಲಿ ಅಂಥ ಅನುಕೂಲ ಯಾರಿಗೂ ಇಲ್ಲ. ದಕ್ಷಿಣದ ಕಪ್ಪು ವರ್ಣೀಯ ಮತದಾರರ ಒಲವು ಯಾರತ್ತ ಎಂಬುದು ಸ್ಪಷ್ಟವಾಗುವವರೆಗೆ, ಸಮೀಕ್ಷೆಗಳು ಏನೇ ಹೇಳಲಿ, ಅಲ್ಲಿ ಯಾರೊಬ್ಬರನ್ನೂ ಮುಂಚೂಣಿಯವರೆಂದು ನಾನು ಒಪ್ಪಲಾರೆ.