ಡಿಕಾಕ್ಷನ್ ಇಳಿಯದಿದ್ದರೆ

ಪ್ರಶ್ನೆ: ಕೆಲಸ ಬೆಂಗಳೂರಿನಲ್ಲಿ. ಊರಿಗೆ ಬಂದಾಗಲೆಲ್ಲ ಇಲ್ಲಿಂದಲೇ ಕಾಫಿಪುಡಿ ಒಯ್ಯುತ್ತೇನೆ. ರೂಮಿನಲ್ಲಿ ಫಿಲ್ಟರಿಗೆ ಹಾಕಿದರೆ ಒಮ್ಮೊಮ್ಮೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ಒಮ್ಮೊಮ್ಮೆ ಬರೀ ನೀರು. ಬೆಳಿಗ್ಗೆ 7ಕ್ಕೆ ಹೊರಡಬೇಕು, ಏನು ಮಾಡಲಿ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಪುಡಿಯನ್ನು ಒತ್ತುವ ರೀತಿ ಒಂದೇ ಸಮನಾಗಿಲ್ಲ ಅನಿಸುತ್ತದೆ. ಇಬ್ಬರಿಗಾಗುವ ಫಿಲ್ಟರಿಗೆ ಸುಮಾರು 20 ಗ್ರಾಂ ಪುಡಿ, 120 ಮಿ.ಲೀ. ನೀರು ಸಾಕು. ಪುಡಿ ಮಟ್ಟಮಾಡಿ, ಒಳಗಿನ ಬಿಲ್ಲೆಯಿಂದ ಹಗುರಾಗಿ ಒತ್ತಿ. ಅದುಮಿದರೆ ನೀರು ಮೇಲೇ ನಿಲ್ಲುತ್ತದೆ, ಸಡಿಲ ಬಿಟ್ಟರೆ ಸರ್ರನೆ ಇಳಿದುಹೋಗುತ್ತದೆ. ಕುದಿ ನಿಂತ ನೀರನ್ನು ಮೊದಲು ಪುಡಿ ನೆನೆಯುವಷ್ಟು ಹಾಕಿ, ಅರ್ಧ ನಿಮಿಷ ಬಿಟ್ಟು ಉಳಿದದ್ದನ್ನು ಸುತ್ತಲೂ ಸುರಿಯಿರಿ. 15–20 ನಿಮಿಷ ಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ರಾತ್ರಿಯೇ ಹಾಕಿಟ್ಟು ಮಲಗಿ.

ಆದರೂ ಇಳಿಯದಿದ್ದರೆ ಮೇಲಿನ ಪಾತ್ರೆಯನ್ನು ಸ್ವಲ್ಪ ಎತ್ತಿ ಕೂರಿಸಿ. ಎರಡೂ ಬಿಗಿಯಾಗಿ ಕೂತಾಗ ಕೆಳಗಿನ ಗಾಳಿಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಬಹಳ ಜನ ಇದನ್ನು ಗಮನಿಸದೆ ಪುಡಿಯನ್ನೇ ಬೈಯುತ್ತಾರೆ! ತೂತು ಕಟ್ಟಿದ್ದರೆ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಬಿಸಿನೀರಲ್ಲಿ ನೆನೆಸಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ.

ಪುಡಿಗೆ ಬೆರೆಸುವ ಚಿಕೋರಿ (ಹುರಿದ ಬೇರಿನ ಪುಡಿ) ಹೆಚ್ಚಾದಷ್ಟೂ ಬಣ್ಣ ದಟ್ಟ, ಇಳಿಯುವುದು ನಿಧಾನ. 100ಕ್ಕೆ 20 ಭಾಗ ಮೀರದಿರಲಿ. ಕಾಫಿಬೀಜದ ಎರಡು ಜಾತಿಗಳಲ್ಲಿ ಅರೇಬಿಕಾ ಪರಿಮಳಕ್ಕೆ, ರೊಬಸ್ಟಾ ಗಟ್ಟಿತನಕ್ಕೆ; ಹಾಲು ಜಾಸ್ತಿ ಹಾಕುವವರಿಗೆ ಅರ್ಧರ್ಧ ಬೆರಕೆಯೇ ಸರಿ.

ಡಿಕಾಕ್ಷನ್ ಮತ್ತೆ ಕುದಿಸಬೇಡಿ, ಕಹಿಯಾಗುತ್ತದೆ. ಹಾಲನ್ನೇ ಚೆನ್ನಾಗಿ ಕಾಯಿಸಿ ಬೆರೆಸಿ. ಪುಡಿ ಒಂದೇ ಸಲ ಕಿಲೋಗಟ್ಟಲೆ ಒಯ್ಯದೆ 250 ಗ್ರಾಂ ಮಾತ್ರ ಒಯ್ದು, ಗಾಳಿಯಾಡದ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಿ.