ಇಸಿಜಿಯಲ್ಲಿ ಬಲಗಡೆಯ ಬಂಡಲ್ ಬ್ರಾಂಚ್ ಬ್ಲಾಕ್ ಕಂಡರೆ ಸುಮ್ಮನಿರುವ ವೈದ್ಯರು, ಎಡಗಡೆಯದು ಕಂಡರೆ ಏಕೆ ಇನ್ನಷ್ಟು ಪರೀಕ್ಷೆ ಬರೆಯುತ್ತಾರೆ?

ಎಡಗಡೆಯ ಬ್ಲಾಕ್‌ನ ಹಿಂದೆ ಹೆಚ್ಚಾಗಿ ಹೃದಯದ ಕಾಯಿಲೆಯೊಂದು ಇರುತ್ತದೆ. ಬಲಗಡೆಯದು ಆರೋಗ್ಯವಂತರಲ್ಲೂ ಕಾಣುತ್ತದೆ.

ಇಲ್ಲಿ ಕಟ್ಟಿಕೊಂಡಿರುವುದು ರಕ್ತನಾಳವಲ್ಲ, ವಿದ್ಯುತ್ ಸಂಕೇತದ ದಾರಿ. ಮೇಲಿನಿಂದ ಬಂದ ಸಂಕೇತ ಎರಡು ಕವಲಾಗಿ ಕೆಳಗಿನ ಎರಡೂ ಕೋಣೆಗಳನ್ನು ಒಟ್ಟಿಗೆ ಮಿಡಿಸಬೇಕು. ಒಂದು ಕವಲು ಕೆಟ್ಟರೆ ಆ ಬದಿಗೆ ಸಂಕೇತ ಸ್ನಾಯುವಿನ ಮೂಲಕವೇ ನಿಧಾನವಾಗಿ ತಲುಪುತ್ತದೆ. ಹಾಗಾಗಿ ಇಸಿಜಿಯ ಕ್ಯೂಆರ್‌ಎಸ್ ಅಲೆ (ಕೆಳಗಿನ ಕೋಣೆಗಳಿಗೆ ಸಂಕೇತ ಹರಡುವುದನ್ನು ತೋರಿಸುವ ಭಾಗ) 120 ಮಿಲಿಸೆಕೆಂಡ್ ಅಥವಾ ಹೆಚ್ಚು ಅಗಲವಾಗುತ್ತದೆ.

ಬಲ ಕವಲು ತೆಳ್ಳಗೆ, ಉದ್ದಕ್ಕಿದೆ, ಸುಲಭವಾಗಿ ಕೆಡುತ್ತದೆ. ಎಡದ್ದು ಅಗಲವಾಗಿ ಹರಡಿರುವುದರಿಂದ ಪೂರ್ತಿ ಕೆಡಲು ದೊಡ್ಡ ಹಾನಿಯೇ ಬೇಕು: ದೀರ್ಘಕಾಲದ ಬಿಪಿ, ಹೃದಯಸ್ನಾಯುವಿನ ದೌರ್ಬಲ್ಯ, ಕವಾಟದ ಅಥವಾ ರಕ್ತನಾಳದ ಕಾಯಿಲೆ. ಮೇಲಾಗಿ, ಮೈಗೆಲ್ಲ ರಕ್ತ ತಳ್ಳುವ ಎಡಕೋಣೆಯೇ ತಡವಾಗಿ ಕುಗ್ಗುತ್ತದೆ. ಹೃದಯಾಘಾತದ ಗುರುತುಗಳನ್ನೂ ಈ ಬ್ಲಾಕ್ ಇಸಿಜಿಯಲ್ಲಿ ಮರೆಮಾಡುತ್ತದೆ (ತುರ್ತು ವಿಭಾಗದಲ್ಲಿ ಇದೇ ದೊಡ್ಡ ತಲೆನೋವು). ಅದಕ್ಕೇ ಎಕೋ ಪರೀಕ್ಷೆ (ಹೃದಯದ ಅಲ್ಟ್ರಾಸೌಂಡ್).

ಬ್ಲಾಕ್‌ಗೆಂದೇ ಮಾತ್ರೆ ಇಲ್ಲ. ಮೂಲ ಕಾಯಿಲೆಗೆ ಚಿಕಿತ್ಸೆ. ಎಡಗಡೆಯ ಬ್ಲಾಕ್ ಇರುವವರಲ್ಲಿ ಔಷಧಿ ಕೊಟ್ಟ ಮೇಲೂ ಹೃದಯ ವೈಫಲ್ಯದ ಲಕ್ಷಣಗಳಿದ್ದು, ಎಡಕೋಣೆಯ ಪಂಪಿಂಗ್ ಪ್ರಮಾಣ (ಪ್ರತಿ ಮಿಡಿತದಲ್ಲಿ ಅದು ಹೊರತಳ್ಳುವ ರಕ್ತದ ಪಾಲು) ಶೇ. 35ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದು, ಕ್ಯೂಆರ್‌ಎಸ್ 150 ಮಿಲಿಸೆಕೆಂಡ್ ದಾಟಿದ್ದರೆ ಎರಡೂ ಬದಿಯನ್ನು ಒಟ್ಟಿಗೆ ಮಿಡಿಸುವ ಪೇಸ್‌ಮೇಕರ್ ನೆರವಾಗುತ್ತದೆ. ಬ್ಲಾಕ್ ಯಾವ ಬದಿಯದೇ ಇರಲಿ, ಪ್ರಜ್ಞೆ ತಪ್ಪಿ ಬಿದ್ದರೆ ಕಾಯಬೇಡಿ: ಉಳಿದ ಕವಲೂ ಆಗಾಗ ಕೈಕೊಡುತ್ತಿರಬಹುದು.