ಅದು ಊರಿನ ನೆನಪಲ್ಲ, ಥೈರಾಯ್ಡ್

ನೀವು ಹೊರದೇಶಕ್ಕೆ ಬಂದು ನಾಲ್ಕು ತಿಂಗಳಾಯಿತು, ಈಗ ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಬೇಕು ಅಂತಿದ್ದೀರಿ. ಅಪ್ಪನಿಗೆ 74, ಇನ್ಸುಲಿನ್ ತಗೊಳ್ಳುತ್ತಾರೆ. ಅಮ್ಮನಿಗೆ 70, ಥೈರಾಯ್ಡ್ ಮಾತ್ರೆ ನಡೀತಿದೆ. ‘ಹೊರದೇಶದ ಜೀವನ ಅವರಿಗೆ ಒಗ್ಗುತ್ತಾ?’ ಅಂತ ಕೇಳಿದ್ದೀರಿ. ಒಗ್ಗುತ್ತದೆ. ಚಳಿ, ಭಾಷೆ, ಒಂಟಿತನದ ಬಗ್ಗೆ ನಿಮಗೆ ಆಗಲೇ ಬೇಕಾದಷ್ಟು ಜನ ಹೇಳಿರುತ್ತಾರೆ. ನಾನು ಬೇರೆ ವಿಷಯ ಹೇಳುತ್ತೇನೆ. ಹದಿನೇಳು ವರ್ಷದಿಂದ ಹೊರಗಿದ್ದೇನೆ, ಅದರಲ್ಲಿ ಒಂಬತ್ತು ವರ್ಷ ನನ್ನ ಅಮ್ಮ ಜೊತೆಗಿದ್ದಾರೆ.

ಅಮ್ಮ ಬಂದ ಮೊದಲ ಚಳಿಗಾಲ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮಾತು ಕಮ್ಮಿಯಾಯಿತು. ಹೀಟರ್ ಹಾಕಿದ್ದರೂ ಎರಡೆರಡು ಸ್ವೆಟರ್. ಏನಾದರೂ ಕೇಳಿದರೆ ಉತ್ತರ ಬರೋಕೆ ಹೊತ್ತು ಹಿಡಿಯುತ್ತಿತ್ತು. ಫೋನಿನಲ್ಲಿ ಅಕ್ಕ, ‘ಯಾಕಮ್ಮಾ ದನಿ ಹೀಗೆ ಒಡೆದಿದೆ?’ ಅಂದಳು. ಶೀತ ಅಂದೆವು. ಮಿಕ್ಕಿದ್ದಕ್ಕೆಲ್ಲ ಊರಿನ ನೆನಪು ಅಂದೆವು. ವಾಪಸ್ ಕಳಿಸೋಣ ಅಂತ ನಾನು ಟಿಕೆಟ್ ಕೂಡ ನೋಡಿದ್ದೆ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಕಮ್ಮಿಯಾದಾಗ ಏರುವ ಹಾರ್ಮೋನ್, 24! ಸಾಮಾನ್ಯವಾಗಿ ನಾಲ್ಕು ನಾಲ್ಕೂವರೆ ಒಳಗಿರಬೇಕು. ವಯಸ್ಸಾದವರಲ್ಲಿ ಸ್ವಲ್ಪ ಜಾಸ್ತಿ ಇದ್ದರೂ ನಡೆಯುತ್ತದೆ, ಆದರೆ 24 ಅಲ್ಲ.

ಅಮ್ಮ ಒಂದು ದಿನವೂ ಥೈರಾಯ್ಡ್ ಮಾತ್ರೆ ತಪ್ಪಿಸಿರಲಿಲ್ಲ. ಆಗಿದ್ದು ಇಷ್ಟೇ. ಬಂದ ಹೊಸದರಲ್ಲಿ ಡಾಕ್ಟರು ಮೂಳೆಗೆ ಅಂತ ಕ್ಯಾಲ್ಸಿಯಂ ಬರೆದುಕೊಟ್ಟಿದ್ದರು. ಮಾತ್ರೆ ಡಬ್ಬಿಯ ‘ಬೆಳಿಗ್ಗೆ’ ಖಾನೆಗೆ ಎರಡನ್ನೂ ಒಟ್ಟಿಗೆ ಹಾಕಿದವನು ನಾನೇ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸೇರೋಕೆ ಬಿಡೋದಿಲ್ಲ. ಕಬ್ಬಿಣದ ಮಾತ್ರೆ, ಕೆಲವು ಆ್ಯಂಟಾಸಿಡ್‌ಗಳದ್ದೂ ಇದೇ ಕಥೆ. ಇವುಗಳ ನಡುವೆ 4 ಗಂಟೆ ಅಂತರ ಬೇಕು. ಡಾಕ್ಟರು ಡೋಸ್ ಏರಿಸಲಿಲ್ಲ, ಕ್ಯಾಲ್ಸಿಯಂ ರಾತ್ರಿಗೆ ಹಾಕಿದರು ಅಷ್ಟೆ. ಆರು ವಾರ ಬಿಟ್ಟು ಮತ್ತೆ ಪರೀಕ್ಷೆ. ಈ ಹಾರ್ಮೋನ್ ನಿಧಾನದ್ದು, ಅದಕ್ಕೆ ಮುಂಚೆ ನೋಡಿ ಏನೂ ಪ್ರಯೋಜನವಿಲ್ಲ. ಎರಡನೇ ತಿಂಗಳು ಅಮ್ಮ ಟಿವಿ ರಿಮೋಟಿಗಾಗಿ ನನ್ನ ಜೊತೆ ಜಗಳಕ್ಕೆ ನಿಂತರು. ಅಂಥ ಖುಷಿಯ ಜಗಳ ನಾನು ಇನ್ನೊಂದು ಆಡಿಲ್ಲ.

ವಯಸ್ಸಾದವರಲ್ಲಿ ಹಾರ್ಮೋನಿನ ತೊಂದರೆಗಳು ವೇಷ ಹಾಕಿಕೊಂಡೇ ಬರುತ್ತವೆ. ಥೈರಾಯ್ಡ್ ಜಾಸ್ತಿಯಾದರೆ ಹರೆಯದವರಿಗೆ ಕೈ ನಡುಗುತ್ತದೆ, ಬೆವರುತ್ತದೆ, ಹಸಿವು ಹೆಚ್ಚುತ್ತದೆ. ಅದೇ ಎಪ್ಪತ್ತರ ಮೇಲಿನವರು ಸುಮ್ನೆ ಮಂಕಾಗಬಹುದು, ತೂಕ ಇಳಿಯಬಹುದು, ಎದೆಬಡಿತ ತಾಳ ತಪ್ಪಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಮಲಬದ್ಧತೆ, ಬಾಯಾರಿಕೆ, ಗೊಂದಲ. ಬಿಪಿಗೆ ಕೊಡುವ ಕೆಲವು ನೀರಿನ ಮಾತ್ರೆಗಳಿಂದ ಸೋಡಿಯಂ ಇಳಿದರೆ ನಡಿಗೆ ತಡವರಿಸುತ್ತದೆ. ಎಲ್ಲಿದ್ದರೂ ಇದನ್ನೆಲ್ಲ ‘ವಯಸ್ಸಾಯಿತು’ ಅಂತ ತಳ್ಳಿಹಾಕುವುದು ಸುಲಭ. ನಮ್ಮಂಥವರಿಗೆ ಇನ್ನೊಂದು ನೆಪವೂ ಸಿಗುತ್ತದೆ, ‘ಹೊಸ ಜಾಗ ಅಲ್ವಾ’ ಅಂತ.

ಈಗ ನಿಮ್ಮ ಅಪ್ಪನ ವಿಷಯ. ಮೊದಲು ಮೀಟರ್. ಸಕ್ಕರೆಯನ್ನು ಕೆಲವು ದೇಶಗಳಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ, ಕೆಲವು ಕಡೆ ಮಿಲಿಮೋಲ್ ಲೆಕ್ಕದಲ್ಲಿ ಹೇಳುತ್ತಾರೆ. ಲೀಟರಿಗೆ ಒಂದು ಮಿಲಿಮೋಲ್ ಅಂದರೆ 100 ಮಿಲಿಲೀಟರಿಗೆ 18 ಮಿಲಿಗ್ರಾಂ. ನನ್ನ ಗೆಳೆಯನ ಮಾವ ಹೊಸ ಮೀಟರಿನಲ್ಲಿ 11 ನೋಡಿ, ಸಕ್ಕರೆ ಪಾತಾಳಕ್ಕೆ ಇಳಿದಿದೆ ಅಂತ ಗಾಬರಿಯಾಗಿ ಒಂದು ದೊಡ್ಡ ಲೋಟ ಜ್ಯೂಸ್ ಕುಡಿದುಬಿಟ್ಟಿದ್ದರು. 11 ಅಂದರೆ 198!

ಆ ಕಥೆಗೆ ಈಗ ನಗುತ್ತೇವೆ. ಸಿರಿಂಜಿನ ವಿಷಯದಲ್ಲಿ ನಗುವ ಹಾಗಿಲ್ಲ. ಇನ್ಸುಲಿನ್ ಬಾಟಲಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದೂ ಇರುತ್ತದೆ, 100 ಯೂನಿಟ್‌ನದೂ ಇರುತ್ತದೆ. ಎರಡಕ್ಕೂ ಸಿರಿಂಜ್ ಬೇರೆ. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಹಳೆಯ 40ರ ಸಿರಿಂಜಿನಲ್ಲಿ ಹೊಸ 100ರ ಇನ್ಸುಲಿನ್ ಎಳೆದರೆ 20ರ ಗೆರೆಗೆ ಬರುವುದು 50 ಯೂನಿಟ್. ಎರಡೂವರೆ ಪಟ್ಟು! ಬಾಟಲಿ ಬದಲಾದ ದಿನವೇ ಹಳೆಯ ಸಿರಿಂಜ್‌ಗಳನ್ನು ಮನೆಯಿಂದ ಸಾಗಹಾಕಿ. ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಕೆಳಗೆ ಹಾಕುವ ಸಾಮಾನಿನಲ್ಲಿ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಳಸಬಾರದು. ಪ್ರಯಾಣದಲ್ಲಿ ಗಂಟೆ ಹಿಂದೆ ಮುಂದೆ ಆಗುತ್ತದಲ್ಲ, ಆ ದಿನದ ಡೋಸ್ ಹೇಗೆ ಅನ್ನೋದನ್ನು ಹೊರಡುವ ಮುಂಚೆ ಅವರ ಡಾಕ್ಟರಿಂದ ಬರೆಸಿಕೊಳ್ಳಿ.

ಇನ್ನೊಂದು ಮಾತು, ನಿಮಗೆ ಇಷ್ಟವಾಗದೆ ಇರಬಹುದು. ಅಪ್ಪನ ಸಕ್ಕರೆಯನ್ನು ಬಿಗಿಯಾಗಿ ಹಿಡಿಯೋಕೆ ಹೋಗಬೇಡಿ. ಈ ವಯಸ್ಸಿನಲ್ಲಿ, ಅದೂ ಬೇರೆ ಕಾಯಿಲೆಗಳೂ ಇದ್ದರೆ, ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 8ರ ಒಳಗಿದ್ದರೆ ಸಾಕು ಅನ್ನುವ ಡಾಕ್ಟರುಗಳೇ ಹೆಚ್ಚು. ಹೆದರಬೇಕಾದ್ದು ಸಕ್ಕರೆ ಮಿಲಿಗ್ರಾಂ ಲೆಕ್ಕದಲ್ಲಿ 70ಕ್ಕಿಂತ ಕೆಳಗೆ ಇಳಿಯುವುದಕ್ಕೆ. ವಯಸ್ಸಾದವರಿಗೆ ಬೆವರು, ನಡುಕದಂಥ ಮುನ್ಸೂಚನೆ ಸರಿಯಾಗಿ ಬರೋದಿಲ್ಲ. ನೇರವಾಗಿ ಮಾತು ತೊದಲುತ್ತದೆ, ಇಲ್ಲವೇ ಬಚ್ಚಲಲ್ಲಿ ಬೀಳುತ್ತಾರೆ. ಎಚ್ಚರವಿದ್ದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ. ಆ ನಂಬರ್ ನಿಮಗೆ ಮಾತ್ರ ಅಲ್ಲ, ಅಮ್ಮನಿಗೂ ಬಾಯಿಪಾಠವಾಗಿರಲಿ. ಹಗಲು ಮನೆಯಲ್ಲಿರುವವರು ಅವರೇ ತಾನೇ.

ವಿಮೆ ಕೊಳ್ಳುವಾಗ, ಮೊದಲೇ ಇರುವ ಕಾಯಿಲೆಗೆ ಏನು ಬರೆದಿದ್ದಾರೆ ಅಂತ ಓದಿಯೇ ಸಹಿ ಹಾಕಿ. ಮಾತ್ರೆಗಳ ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ, ಒಳಗಿನ ಔಷಧದ ಹೆಸರನ್ನೇ ಪಟ್ಟಿ ಮಾಡಿಸಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷದಿಂದ ನಡೀತಿದ್ದರೆ ವಿಟಮಿನ್ ಬಿ12 ಕೂಡ ನೋಡಿಸಿ.

ಇದೆಲ್ಲ ಆಮೇಲಿನ ಮಾತು. ಇವತ್ತು ಸಂಜೆ ಫೋನ್ ಮಾಡಿದಾಗ ಅಮ್ಮನ ಮಾತ್ರೆ ಡಬ್ಬಿಯ ಫೋಟೋ ಕಳಿಸೋಕೆ ಹೇಳಿ. ಬೆಳಗಿನ ಖಾನೆಯಲ್ಲಿ ಏನೇನಿದೆ ಅಂತ ನೋಡಿ, ನನಗೂ ತಿಳಿಸಿ.